ಇನ್ನೊಂದು ತೂತು

"ಒತ್ತಬೇಡಿ ಅಜ್ಜಿ, ಮುರಿದೀತು," ಎಂದು ಸತ್ತವಳ ತಂಗಿ ಹೇಳುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಮೂರನೇ ಸಲ ಒತ್ತಿಯಾಗಿತ್ತು. ಬಲಗೈಯ ಉಂಗುರದ ಬೆರಳು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನಡುವಿನ ಗಣ್ಣಿನಲ್ಲಿ ಮಡಚಿಕೊಂಡು, ಕೊಕ್ಕೆಯಂತೆ ನಿಂತಿತ್ತು.

"ಸಂಧಿವಾತ ಬಂದು ಹನ್ನೊಂದು ವರ್ಷ ನೆಟ್ಟಗಾಗದ್ದು ಈಗ ಆಗುತ್ತಾ?"

"ಹೋಗೋವಾಗಾದ್ರೂ ಕೈ ಚೆನ್ನಾಗಿ ಕಾಣ್ಲಿ ಅಂತ ಕಣೇ. ಹಿಂಗೇ ಕಳ್ಸಿದ್ರೆ ನೋಡ್ದೋರು ಏನಂತಾರೆ?"

"ಏನಂತಾರೆ? ಯಾರನ್ನೋ ಕರೀತಿದಾಳೆ ಅಂತಾರೆ."

ಅಳುತ್ತಿದ್ದವರಲ್ಲಿ ಇಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅದು ಅಳುವಂತೂ ಅಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಮಾತ್ರ, ಆ ಬೆರಳು ಯಾರನ್ನು ಕರೆಯುತ್ತಿದೆ ಎಂಬ ಬಗ್ಗೆ ಅನುಮಾನವೇ ಇರಲಿಲ್ಲ.

ನಲವತ್ತು ವರ್ಷ ಜೋಡು ಹೊಲಿದ ಮನುಷ್ಯ ಅವನು. ಕೈ ನಡೆಯುವಷ್ಟು ವರ್ಷ ಅವಳು ಪಕ್ಕದಲ್ಲಿ ಕೂತು ಅವಕ್ಕೆ ಒಳಗಿನ ಅಸ್ತರು ಹೊಲಿದಿದ್ದಳು. ಬಂದವರೆಲ್ಲ ಮೆಟ್ಟಿಲ ಬಳಿ ಜೋಡು ಬಿಡುವಾಗ, ಇವನ ಕಣ್ಣಿಗೆ ಬಿದ್ದೀತೆಂದು ಸವೆದ ಹಿಮ್ಮಡಿಯನ್ನು ಗೋಡೆ ಕಡೆಗೆ ತಿರುಗಿಸಿಡುತ್ತಿದ್ದರು. ಅವನಿಗೆ ಅದೆಲ್ಲ ಬೇಕಿರಲಿಲ್ಲ. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುತ್ತದೆ. ಅದಕ್ಕೆ ಮೊದಲು ಆಸ್ಪತ್ರೆಯ ಫಿಸಿಯೋ ಡಾಕ್ಟರಮ್ಮ ಬರಬೇಕು. ಅವರನ್ನು ಒಂದು ಮಾತು ಕೇಳಬೇಕು.

*

ನಾಲ್ಕು ವರ್ಷದ ಹಿಂದೆ ಆ ಡಾಕ್ಟರಮ್ಮ ಬಿಸಿನೀರಿನಲ್ಲಿ ಪ್ಲಾಸ್ಟಿಕ್ ತುಂಡೊಂದನ್ನು ಮೆತ್ತಗೆ ಮಾಡಿ, ಅವಳ ಬೆರಳಿಗೆ ಪಟ್ಟಿ ಕೂರಿಸಿಕೊಟ್ಟಿದ್ದರು.

"ಇದು ಬೆರಳನ್ನ ನೆಟ್ಟಗೆ ಮಾಡಲ್ಲ ಯಜಮಾನ್ರೇ. ಇನ್ನೂ ಸೊಟ್ಟ ಆಗದ ಹಾಗೆ ಹಿಡ್ಕೊಂಡಿರುತ್ತೆ, ಅಷ್ಟೆ. ರಾತ್ರಿ ಹಾಕಿ, ಬೆಳಿಗ್ಗೆ ಬಿಚ್ಚಿ. ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿ, ಮೆಲ್ಲಗೆ ಆಡಿಸಿ."

ಅವನು ತಲೆಯಾಡಿಸಿದ. ಹೊಸ ಜೋಡು ನೆನೆಸಬೇಡಿ ಎಂದಾಗ ಅವನ ಗಿರಾಕಿಗಳು ಆಡಿಸುತ್ತಿದ್ದುದೂ ಹೀಗೆಯೇ.

ಪ್ಲಾಸ್ಟಿಕ್ ಸೀಳಿತು. ಅವನೇ ಒಂದು ಪಟ್ಟಿ ಹೊಲಿದ: ಮೆತ್ತನೆ ಕರುವಿನ ಚರ್ಮ, ಒಳಗೆ ತಗಡು, ಬಿಗಿಯಲು ಬಾರು, ಬಾರಿಗೆ ಸಾಲಾಗಿ ತೂತು. ವಾರಕ್ಕೊಂದು ತೂತು ಮುಂದಕ್ಕೆ.

"ನೆನೆಸಿ ಅಚ್ಚಿಗೆ ಬಿಗಿದ್ರೆ ಎಮ್ಮೆ ಚರ್ಮಾನೇ ಮಾತು ಕೇಳುತ್ತೆ. ನಿನ್ನ ಬೆರಳು ಯಾವ ಲೆಕ್ಕ?"

"ಎಮ್ಮೆ ಸತ್ತಿರುತ್ತಲ್ರೀ. ನಾನಿನ್ನೂ ಇದೀನಿ."

ಅವನು ನಕ್ಕ, ಇನ್ನೊಂದು ತೂತಿಗೆ ಬಿಗಿದ. ರಾತ್ರಿಗೆ ಒಳ್ಳೆಯದಾದದ್ದು ಹಗಲಿಗೆ ಕೆಟ್ಟದ್ದಾಗುತ್ತದೆಯೇ ಎಂದು ಹಗಲೂ ಬಿಚ್ಚಲಿಲ್ಲ. ಏಳನೇ ತೂತಿಗೆ ಬಂದಾಗ ಗಣ್ಣಿನ ಮೇಲೆ ಕುಂಬಳದ ಬೀಜದಷ್ಟಗಲ ಕೆಂಪು ಹುಣ್ಣಾಗಿತ್ತು. ಹುಣ್ಣು ಮಾಯಿತು. ಬೆರಳು ಮಾತ್ರ ಆಮೇಲೆ ಬಿಚ್ಚಲೂ ಇಲ್ಲ, ಮಡಚಲೂ ಇಲ್ಲ. ಸೊಟ್ಟಗಿದ್ದರೂ ಸೂಜಿಗೆ ಆಸರೆಯಾಗುತ್ತಿದ್ದ ಬೆರಳು ಅದು. ಆ ವಾರ ಅವಳು ಸೂಜಿ ಕೆಳಗಿಟ್ಟಳು.

"ಹೋಗ್ಲಿ ಬಿಡಿ, ಇನ್ನೂ ಒಂಬತ್ತಿವೆ," ಎಂದಳು. ಆಸ್ಪತ್ರೆಯಲ್ಲಿ ಅವನು ಬಾಯಿ ತೆರೆಯುವ ಮೊದಲೇ, "ತಾನಾಗೇ ಹೀಗಾಯ್ತು ಡಾಕ್ಟ್ರೇ," ಎಂದುಬಿಟ್ಟಳು.

*

ಹತ್ತೂ ಮುಕ್ಕಾಲಿಗೆ ಡಾಕ್ಟರಮ್ಮ ಬಂದರು. ಅವನು ಅವರನ್ನು ಅಡುಗೆಮನೆಯ ಮೂಲೆಗೆ ಕರೆದೊಯ್ದ.

"ತಾನಾಗೇ ಆಯ್ತು ಅಂದ್ಲಲ್ಲ, ಸುಳ್ಳು. ನಾನು ಬಿಗಿದೆ. ಏಳು ತೂತು. ಹಗಲೂ ಬಿಚ್ಚಲಿಲ್ಲ. ಬೆರಳು ಹೋಗಿದ್ದು ಅದಕ್ಕೇನಾ?"

ಡಾಕ್ಟರಮ್ಮ ಒಲೆಯನ್ನು ನೋಡಿದರು. ಒಲೆ ಆರಿತ್ತು, ನೋಡುವಂಥದ್ದೇನೂ ಇರಲಿಲ್ಲ.

"ಈ ಕಾಯಿಲೆ ಗುಣವೇ ಹಾಗೆ, ಯಜಮಾನ್ರೇ. ಏನು ಮಾಡಿದ್ರೂ ಒಂದಲ್ಲ ಒಂದು ದಿನ ಹಾಗೇ ಆಗ್ತಿತ್ತು."

ಆ ದನಿ ಅವನಿಗೆ ಗೊತ್ತಿತ್ತು. ತನ್ನ ಹೊಲಿಗೆ ಬಿಚ್ಚಿಕೊಂಡು ಗಿರಾಕಿ ಎದುರು ಬಂದು ನಿಂತಾಗಲೆಲ್ಲ, ಬೇರೆಡೆ ನೋಡುತ್ತ ಅವನೂ ಹೇಳುತ್ತಿದ್ದ: ಚರ್ಮದ ಗುಣವೇ ಹಾಗೆ, ಸ್ವಾಮಿ. ಗಿರಾಕಿಗಳು ನಂಬುತ್ತಿದ್ದರೋ ಇಲ್ಲವೋ, ತಲೆಯಾಡಿಸಿ ಹೋಗುತ್ತಿದ್ದರು. ಇವನೂ ತಲೆಯಾಡಿಸಿದ.

"ಗಾಡಿ ಬಂತು!" ಎಂದು ಕೆಳಗಿನಿಂದ ಯಾರೋ ಕೂಗಿದರು.

ಸ್ಟ್ರೆಚರಿಗೆ ನಾಲ್ವರು ಕೈ ಕೊಟ್ಟರು. ಬಲಗೈಯ ಪಕ್ಕದಲ್ಲಿ ಗಂಡ. ಮೆಟ್ಟಿಲ ತಿರುವು ಇಕ್ಕಟ್ಟು. ಕಂಬಿಯ ಮೇಲಿಂದ ದಾಟಿಸಲು ಎದೆಮಟ್ಟಕ್ಕೆ ಎತ್ತಿದಾಗ ಹೊದಿಕೆಯಿಂದ ಅವಳ ಕೈ ಜಾರಿ, ಮಡಚಿದ ಬೆರಳು ಅವನ ಅಂಗಿಯ ಜೇಬಿಗೆ ಸಿಕ್ಕಿಕೊಂಡಿತು.

"ನಿಲ್ಸಿ, ನಿಲ್ಸಿ!" ಎಂದರು ಅಜ್ಜಿ.

"ಏನಾಗಲ್ಲ ಭಾವ, ಬೆರಳು ಒಂಚೂರು ಬಿಡಿಸಿದ್ರೆ ಬಂದ್ಬಿಡುತ್ತೆ," ಎಂದು ನಾದಿನಿ ಕೈ ಚಾಚಿದಳು.

"ಮುಟ್ಟಬೇಡ."

ಒಂದು ಕೈಯಲ್ಲಿ ಸ್ಟ್ರೆಚರು ಹಿಡಿದು, ಇನ್ನೊಂದರಿಂದ ಅವನು ಜೇಬಿನ ಅಂಚು ಹಿಡಿದೆಳೆದ. ಅವಳೇ ಹಾಕಿದ ಜೋಡಿ ಹೊಲಿಗೆ, ಸುಲಭಕ್ಕೆ ಬಿಡಲಿಲ್ಲ. ಉಳಿದ ಮೂವರೂ ಭಾರ ಹೊತ್ತು ಮೆಟ್ಟಿಲ ಮೇಲೆ ಕಾದರು. ಅವನು ಮತ್ತೆ ಎಳೆದ. ಜೇಬು ಪರ್ರನೆ ಹರಿಯಿತು. ಒಂದು ಅಂಗೈಯಗಲದ ನೀಲಿ ಬಟ್ಟೆ ಬೆರಳಿಗೆ ತಗುಲಿಕೊಂಡೇ, ಒಂದೊಂದೇ ಮೆಟ್ಟಿಲಿಳಿದು, ಅವಳ ಜೊತೆ ಗಾಡಿ ಹತ್ತಿತು.