ಸೂಜಿಯ ಗೀರು ಎಡಕ್ಕೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರು ಹೇಳುತ್ತಾರೆ. ಇರಲಿ. ಇಪ್ಪತ್ತನಾಲ್ಕು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕರ್ ಆಗಿದ್ದವಳಿಗೆ ಕೋಪ ಬರದಿದ್ದರೆ ಅದೇ ಆಶ್ಚರ್ಯ. ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಹೊಲಿಗೆ ತಪ್ಪಿದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಮಷೀನುಗಳ ಸದ್ದಿನಲ್ಲಿ ಬಾಯಿ ಬಿಟ್ಟು ಹೇಳಿದರೆ ಯಾರಿಗೂ ಕೇಳಿಸದು. ಬಾಣ ಅಂಟಿಸಿದರೆ ಮುಗಿಯಿತು. ಫ್ಯಾಕ್ಟರಿಗೆ ಬೀಗ ಬಿದ್ದ ದಿನ ಎಲ್ಲರೂ ಅಳುತ್ತಾ ಹೊರಗೆ ಬಂದರು. ನಾನು ಅಳುತ್ತಲೇ ಎರಡು ಸುರುಳಿ ಸ್ಟಿಕ್ಕರನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅವು ಮನೆಯಲ್ಲಿ ಉಪಯೋಗಕ್ಕೆ ಬಂದವು. ಸೊಸೆ ತೊಳೆದ ಲೋಟದ ಅಂಚಿನಲ್ಲಿ ಟೀ ಕಲೆ ಉಳಿದಿದ್ದರೆ ಅಲ್ಲೊಂದು ಬಾಣ. ಅವಳು ಮಡಚಿಟ್ಟ ಹಾಸಿಗೆಯ ಚಾದರದ ಮೂಲೆ ಹೊರಗೆ ಬಂದಿದ್ದರೆ ಅಲ್ಲೊಂದು. ಮಗ ಅರ್ಧಂಬರ್ಧ ಗಡ್ಡ ಹೆರೆದುಕೊಂಡು ಹೊರಟರೆ ಕೆನ್ನೆಗೇ ಒಂದು. ದೇವರಾಣೆಗೂ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಆದರೂ ಸೊಸೆ ಮುಖ ಊದಿಸಿಕೊಳ್ಳುತ್ತಿದ್ದಳು. ಮಗನ ಪಾಡು ಅತ್ತ ದರಿ ಇತ್ತ ಪುಲಿ. ಪೇಪರ್ ಅಡ್ಡ ಹಿಡಿದುಕೊಂಡು ಕೂತುಬಿಡುತ್ತಿದ್ದ.

ಬೆಳಿಗ್ಗೆ ಎಂಟಕ್ಕೆ ಅವರಿಬ್ಬರೂ ಹೊರಟರೆ ಸಂಜೆಯವರೆಗೆ ನನಗೂ ಗೋಡೆಗೂ ಮಾತು. ಅದು ನನಗೆ ಆಗಿಬರಲಿಲ್ಲ. ಕೆಲಸ ಕೇಳಿಕೊಂಡು ನಾಲ್ಕು ಕಡೆ ಹೋದೆ. ಚೆಕ್ಕರ್ ಕೆಲಸಕ್ಕೆ ಎಳೆಯ ಕಣ್ಣು ಬೇಕು ಎಂದರು. ಯೂನಿಫಾರ್ಮ್ ಹೊಲಿಯುವ ಒಂದು ಫ್ಯಾಕ್ಟರಿಯಲ್ಲಿ ಮಾತ್ರ ಹೊಲಿಗೆ ಮಷೀನಿನ ಮೆಕ್ಯಾನಿಕ್ ಬೇಕಾಗಿದ್ದರು. ಯಾವ ಮಷೀನಿಗೆ ಏನು ಕಾಯಿಲೆ ಎಂದು ಸದ್ದು ಕೇಳಿಯೇ ಹೇಳುತ್ತೇನೆ ಎಂದೆ. ಅಲ್ಲಿಯ ಮ್ಯಾನೇಜರ್ ನಕ್ಕು, ಸರ್ಟಿಫಿಕೇಟ್ ಇದೆಯಾ ಎಂದು ಕೇಳಿದ. ಸಮುದಾಯ ಕಾಲೇಜಿನ ಆರು ತಿಂಗಳ ಮಷೀನು ರಿಪೇರಿ ಕೋರ್ಸಿನಲ್ಲಿ ಮೊದಲನೆಯವರಾಗಿ ಬಂದವರಿಗೇ ಆ ಕೆಲಸವಂತೆ.

ಗ್ರಹಚಾರ ನೋಡಿ, ಆ ಕಾಲೇಜಿನಲ್ಲಿ ಆ ಕೋರ್ಸಿಗೆ ಪಾಠ ಹೇಳುವವಳು ನನ್ನ ಸೊಸೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬುದು ಇದಕ್ಕೇ ಇರಬೇಕು. ಫಾರಂ ತಂದು ತುಂಬಿ ಕೊಟ್ಟವಳೂ ಅವಳೇ. ಅತ್ತೆ ವಿದ್ಯಾರ್ಥಿನಿ ಎಂದು ಆಫೀಸಿಗೆ ಬರೆದುಕೊಟ್ಟಿದ್ದರಿಂದ, ಅಂಕವನ್ನೂ ಈ ಸಲ ಹೊರಗಿನ ಪರೀಕ್ಷಕರೇ ಹಾಕುತ್ತಾರೆಂದು ಗೊತ್ತಾಯಿತು. ಅವಳ ಕೆಲಸವೂ ಕಾಯಂ ಅಲ್ಲ, ವರ್ಷವರ್ಷವೂ ಪರೀಕ್ಷಕರ ವರದಿ ನೋಡಿಯೇ ಮುಂದುವರಿಸುವುದು.

ತರಗತಿಯಲ್ಲಿ ನಾವು ಆರು ಜನ, ಎಲ್ಲರೂ ಎಲ್ಲೋ ಕೆಲಸ ಕಳೆದುಕೊಂಡವರೇ. ನನಗೆ ಪೈಪೋಟಿ ಎಂದರೆ ಕಂಡಕ್ಟರ್ ಒಬ್ಬನೇ. ಅವನ ಬಸ್ಸು ನಿಂತುಹೋಗಿತ್ತು, ನಾಲಿಗೆ ನಿಂತಿರಲಿಲ್ಲ. ಎಲ್ಲರೂ ಸೊಸೆಯನ್ನು ಮೇಡಂ ಎನ್ನುತ್ತಿದ್ದರು. ನನ್ನ ಬಾಯಲ್ಲಿ ಆ ಮಾತು ಹೊರಡಲಿಲ್ಲ. ಹಾಜರಿ ಕರೆದಾಗ, ಬಂದಿದ್ದೀನಲ್ಲ, ಕಾಣಲ್ವಾ ಎನ್ನುತ್ತಿದ್ದೆ. ಕಂಡಕ್ಟರ್ ಪ್ರತಿದಿನವೂ ಅದಕ್ಕೆ ನಗುತ್ತಿದ್ದ.

ಮೊದಲ ವಾರ ಪೂರ್ತಿ ಸೊಸೆ ಹೇಳಿಕೊಟ್ಟದ್ದು ಒಂದೇ ಪಾಠ. ಮಷೀನಿನ ಸೂಜಿಗೆ ಒಂದು ಬದಿಯಲ್ಲಿ ಉದ್ದಕ್ಕೆ ಗೀರು ಇರುತ್ತದೆ. ಸೂಜಿ ಹಾಕುವಾಗ ಆ ಗೀರು ಹೊಲಿಯುವವರ ಎಡಕ್ಕೆ ಬರಬೇಕು. ಉಲ್ಟಾ ಹಾಕಿದರೆ ಹೊಲಿಗೆ ನಡುನಡುವೆ ತಪ್ಪುತ್ತದೆ. ಗೀರು ಎಡಕ್ಕೆ, ಗೀರು ಎಡಕ್ಕೆ ಎಂದು ಅವಳು ಎಷ್ಟು ಸಲ ಹೇಳಿದಳೆಂದರೆ, ಮನೆಯಲ್ಲಿ ಮಗನೂ ಅದನ್ನೇ ಗುನುಗತೊಡಗಿದ. ಪಾಠ ಚೆನ್ನಾಗಿಯೇ ಹೇಳುತ್ತಾಳೆ. ಇದನ್ನು ಅವಳಿಗೆ ನಾನು ಹೇಳಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಸೊಸೆ ಇಸ್ತ್ರಿ ಸೀರೆ ಉಟ್ಟು ಹೊರಟಳು. ರವಿಕೆಯ ಬೆನ್ನಿನಲ್ಲಿ ಒಂದು ಸುಕ್ಕು ಉಳಿದಿತ್ತು. ನನ್ನ ಕೈ ಸುಮ್ಮನಿರುತ್ತದೆಯೇ, ಅವಳು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಅಂಟಿಸಿಬಿಟ್ಟೆ. ಬಾಗಿಲು ದಾಟುವುದರೊಳಗೆ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನೋಡಿಕೊಳ್ಳಲಿಲ್ಲ. ನಾನು ಕಾಲೇಜು ತಲುಪಿ ತರಗತಿಯ ಬಾಗಿಲಲ್ಲಿ ನಿಂತಾಗ ಅವಳು ಆರನೇ ಮಷೀನು ಸಿದ್ಧ ಮಾಡುತ್ತಿದ್ದಳು. ಪರೀಕ್ಷಕರು ಹಿಂದಿನಿಂದ ಬಂದು, ಮೇಡಂ, ನಿಮ್ಮ ಬೆನ್ನ ಮೇಲೆ ಏನೋ ಬಾಣ ಇದೆ ಎಂದರು. ಕಂಡಕ್ಟರ್ ಕಿಸಕ್ಕನೆ ನಕ್ಕ. ಸೊಸೆ ಅದನ್ನು ಕಿತ್ತು ಮುಷ್ಟಿಯಲ್ಲಿ ಮುದುರಿಕೊಂಡಳು. ಇನ್ನೂ ಏನಾದರೂ ಅಂಟಿದೆಯೇ ಎಂದು ಬೆನ್ನು ತಡವಿಕೊಳ್ಳುತ್ತಲೇ, ಮಷೀನಿನ ಕಡೆ ನೋಡದೆ ಸೂಜಿ ಸಿಕ್ಕಿಸಿ ತಿರುಪು ಬಿಗಿ ಮಾಡಿದಳು.

ಪರೀಕ್ಷೆಯ ಕ್ರಮ ಇಷ್ಟೇ. ಸೊಸೆ ಪ್ರತಿ ಮಷೀನಿನಲ್ಲೂ ಬೇಕೆಂದೇ ಮೂರು ತಪ್ಪು ಮಾಡಿಟ್ಟು, ಅವನ್ನು ಬರೆದು ಲಕೋಟೆ ಅಂಟಿಸಿ ಪರೀಕ್ಷಕರಿಗೆ ಕೊಟ್ಟಿರುತ್ತಾಳೆ. ನಾವು ಆ ಮೂರನ್ನೂ ಹುಡುಕಿ, ಸರಿಪಡಿಸಿ, ಬಟ್ಟೆಯ ಮೇಲೆ ಒಂದು ಮೊಳ ಹೊಲಿದು ತೋರಿಸಬೇಕು. ಸರಿಯಿದ್ದದ್ದನ್ನು ಕೆಡಿಸಿದರೆ ಹತ್ತು ಅಂಕ ಕಡಿತ. ಚೀಟಿ ಎತ್ತಿದೆವು. ನನಗೆ ಬಂದದ್ದು ಆರನೇ ಮಷೀನು.

ಬೆಲ್ಟು ಸಡಿಲವಿತ್ತು, ಬಿಗಿ ಮಾಡಿದೆ. ಬಟ್ಟೆ ತಳ್ಳುವ ಹಲ್ಲು ಕೆಳಗಿಳಿದಿತ್ತು, ಎತ್ತಿದೆ. ದಾರದ ತಿರುಪು ಅತಿಯಾಗಿ ಬಿಗಿದಿತ್ತು, ಸಡಿಲಿಸಿದೆ. ಮೂರಾಯಿತು ಎಂದು ಕಂಡಕ್ಟರ್ ಕಡೆ ಒಂದು ನೋಟ ಬೀರಿ ಹೊಲಿದು ನೋಡಿದರೆ, ನಾಲ್ಕು ಹೊಲಿಗೆಗೊಂದು ತಪ್ಪುತ್ತಿದೆ. ಬಗ್ಗಿ ನೋಡಿದೆ. ಸೂಜಿಯ ಗೀರು ಬಲಕ್ಕಿತ್ತು.

ನಾಲ್ಕನೇ ತಪ್ಪು ಇದೆ ಎಂದು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಗುತ್ತಾರೆ. ನಂಬಿದರೆ ಇನ್ನೂ ಕಷ್ಟ. ಮೊದಲ ವಾರದ ಪಾಠವನ್ನು ಪಾಠ ಹೇಳಿದವಳೇ ತಪ್ಪಿದಳೆಂದು ವರದಿಗೆ ಹೋಗುತ್ತದೆ. ಸದ್ದಿಲ್ಲದೆ ಬಿಚ್ಚಿ ಸರಿಯಾಗಿ ಹಾಕಿಬಿಡೋಣ ಎಂದು ತಿರುಪಿಗೆ ಕೈ ಹಾಕಿದೆ. ಸೂಜಿ ಕೈಗೆ ಬರುವುದಕ್ಕೂ ಪರೀಕ್ಷಕರು ಪಕ್ಕಕ್ಕೆ ಬರುವುದಕ್ಕೂ ಸರಿಹೋಯಿತು. ಅವರು ಲಕೋಟೆಯಲ್ಲಿದ್ದ ಚೀಟಿಯನ್ನು ಎರಡು ಸಲ ಓದಿದರು.

"ಸೂಜಿ ಪಟ್ಟಿಯಲ್ಲಿಲ್ಲವಲ್ಲ. ಯಾಕಮ್ಮ ಬಿಚ್ಚಿದಿರಿ?"

ಸೊಸೆ ಕಪ್ಪುಹಲಗೆಯ ಹತ್ತಿರ ನಿಂತಿದ್ದಳು. ನನ್ನ ಕೈಯಲ್ಲಿದ್ದ ಸೂಜಿಯನ್ನು ನೋಡಿದಳು, ಮಷೀನಿನ ನಂಬರು ನೋಡಿದಳು. ಅವಳಿಗೆ ಗೊತ್ತಾಗಿಹೋಯಿತು, ಮುಖ ಬಿಳಿಚಿಕೊಂಡಿತು. ಆ ಮುಖ ನೋಡಲು ನನ್ನಿಂದಾಗಲಿಲ್ಲ. ಬಾಣ ಅಂಟಿಸಿದವಳು ನಾನಲ್ಲವೇ.

"ಒರೆಸೋಣ ಅಂತ ಬಿಚ್ಚಿ ಉಲ್ಟಾ ಹಾಕ್ಬಿಟ್ಟಿದ್ದೆ ಸಾರ್. ನನ್ನ ತಪ್ಪು," ಎಂದೆ.

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಆ ಎರಡು ಪದಗಳನ್ನು ನನ್ನ ಬಾಯಿ ಒಟ್ಟಿಗೆ ಆಡಿದ ನೆನಪೇ ಇರಲಿಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ಗಾದೆ. ಇಲ್ಲಿ ಅದಕ್ಕೆ ಹತ್ತು ಅಂಕ. ಪರೀಕ್ಷಕರು ಪೆನ್ನು ತೆಗೆದರು. ಯೂನಿಫಾರ್ಮ್ ಫ್ಯಾಕ್ಟರಿಯ ಗೇಟು ಕಂಡಕ್ಟರ್‌ಗೆ ತೆರೆದುಕೊಳ್ಳುತ್ತಿರುವುದು ನನ್ನ ಕಣ್ಣಿಗೆ ಕಂಡಿತು. ಇನ್ನು ಮತ್ತೆ ಗೋಡೆ ನೋಡಿಕೊಂಡು ಕೂರಬೇಕು. ಆದರೂ ಗೀರು ಎಡಕ್ಕೆ ಮಾಡಿ ಸೂಜಿ ಹಾಕಿ ತಿರುಪು ಬಿಗಿದೆ.

ಸೊಸೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮನೆಯಲ್ಲಿ ಆ ನಡಿಗೆ ಕಂಡರೆ ಮಗ ಬಚ್ಚಲು ಸೇರುತ್ತಾನೆ.

"ಸಾರ್, ಇವರು ಸುಳ್ಳು ಹೇಳ್ತಿದ್ದಾರೆ. ಸೂಜಿ ಉಲ್ಟಾ ಹಾಕಿದ್ದು ನಾನು."

ಪರೀಕ್ಷಕರು ಕನ್ನಡಕ ಮೇಲೇರಿಸಿ, ಹಾಗಂತ ಹೇಗೆ ಹೇಳುತ್ತೀರಿ ಎಂದು ಕೇಳಿದರು.

"ಇವರು ನಮ್ಮತ್ತೆ ಸಾರ್. ಆರು ತಿಂಗಳಲ್ಲಿ ಒಂದು ಸಲಾನೂ ಸೂಜಿ ಉಲ್ಟಾ ಹಾಕಿಲ್ಲ. ಆರು ವರ್ಷದಲ್ಲಿ ಒಂದು ಸಲಾನೂ ನನ್ನ ತಪ್ಪು ಅಂದಿಲ್ಲ. ಇವತ್ತು ಅಂದ್ರು ಅಂದ್ರೆ ಅದು ಸುಳ್ಳೇ."

ಇಷ್ಟು ಹೇಳಿ, ನನ್ನ ಚೀಲದಿಂದ ಇಣುಕುತ್ತಿದ್ದ ಸುರುಳಿಗೆ ಕೈ ಹಾಕಿ ಒಂದು ಬಾಣ ಕಿತ್ತು, ತನ್ನ ಭುಜಕ್ಕೆ ತಾನೇ ಅಂಟಿಸಿಕೊಂಡಳು. ಕಂಡಕ್ಟರ್ ಕೂಡ ನಗಲಿಲ್ಲ. ನನಗೆ ಅಳು ಬಂತು, ಕೋಪವೂ ಬಂತು. ಕೋಪವೇ ಮೊದಲು ಹೊರಬಿದ್ದು, ನಿನಗ್ಯಾಕೆ ಬೇಕಿತ್ತೇ ಈ ಊರ ಉಸಾಬರಿ ಎಂದು ಅಲ್ಲೇ ಗದರಿಸಿದೆ. ನಿಮಗ್ಯಾಕೆ ಬೇಕಿತ್ತು ಎಂದು ಅವಳೂ ತಿರುಗಿ ಕೇಳಿದಳು.

ಪರೀಕ್ಷಕರು ಇಬ್ಬರನ್ನೂ ಕೂರಿಸಿದರು. ತಪ್ಪು ನನ್ನದಲ್ಲ ಎನ್ನುವವರನ್ನು ದಿನಾ ನೋಡುತ್ತೇನೆ, ಒಂದೇ ತಪ್ಪಿಗೆ ಇಬ್ಬರು ಕಿತ್ತಾಡುವುದನ್ನು ಇವತ್ತೇ ನೋಡಿದ್ದು ಎಂದರು. ನನ್ನ ಅಂಕ ಕಡಿಯಲಿಲ್ಲ. ಸೊಸೆಯ ವರದಿಯಲ್ಲಿ ಸೂಜಿ ತಪ್ಪಿದ್ದನ್ನು ಬರೆದರು, ತಾನಾಗಿಯೇ ಒಪ್ಪಿಕೊಂಡದ್ದನ್ನೂ ಅದರ ಕೆಳಗೆ ಬರೆದರು. ಒಂದು ತಿಂಗಳು ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಅವಳನ್ನು ಮುಂದುವರಿಸಿದ ಪತ್ರವೂ ನನ್ನ ಸರ್ಟಿಫಿಕೇಟೂ ಒಂದೇ ವಾರ ಬಂದವು. ಕಂಡಕ್ಟರನಿಗಿಂತ ಮೂರು ಅಂಕ ಹೆಚ್ಚು. ಅವನಿಗೆ ಒಂದು ರಿಪೇರಿ ಅಂಗಡಿಯಲ್ಲಿ ಕೆಲಸವಾಯಿತು, ಗಿರಾಕಿಗಳಿಗೆ ಕಿವಿ ಗಟ್ಟಿಯಿರಬೇಕು ಅಷ್ಟೆ.

ಯೂನಿಫಾರ್ಮ್ ಫ್ಯಾಕ್ಟರಿಯಲ್ಲಿ ಮೊದಲ ದಿನ ಮೂರನೇ ಸಾಲಿನಲ್ಲಿ ಒಂದು ಮಷೀನು ಹೊಲಿಗೆ ತಪ್ಪಿಸುತ್ತಿದೆ ಎಂದು ಕರೆದರು. ಸೂಜಿ ಬದಲಿಸಲು ನನ್ನ ಡಬ್ಬಿ ತೆರೆದರೆ, ಸೂಜಿ ಪ್ಯಾಕೆಟ್ಟಿನ ಮೇಲೆ ಕೆಂಪು ಬಾಣವೊಂದು ಅಂಟಿಕೊಂಡಿತ್ತು, ಎಡಕ್ಕೆ ಮುಖಮಾಡಿ. ನನ್ನದೇ ಸುರುಳಿಯದು, ನನ್ನದೇ ಡಬ್ಬಿಗೆ. ಎಷ್ಟು ಧೈರ್ಯ ನೋಡಿ ಎಂದುಕೊಂಡೆ. ಒಬ್ಬಳೇ ನಗುತ್ತಾ ಸೂಜಿ ಹಾಕಿ ಓಡಿಸಿದೆ. ಹೊಲಿಗೆ ಒಂದೂ ತಪ್ಪದೆ ಬಂತು. ನನ್ನನ್ನು ಸರ್ಟಿಫಿಕೇಟ್ ಕೇಳಿದ್ದ ಅದೇ ಮ್ಯಾನೇಜರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಇಷ್ಟು ಬೇಗ ಹೇಗೆ ಗೊತ್ತಾಯಿತು, ಯಾರು ಹೇಳಿಕೊಟ್ಟರು ಎಂದು ಕೇಳಿದ.

"ನಮ್ಮ ಮೇಡಂ," ಎಂದೆ.

ಹಾಗೆಂದೆ ಎಂದು ಯಾರೂ ನಮ್ಮ ಮನೆಗೆ ಹೋಗಿ ಹೇಳಬಾರದು. ಅಲ್ಲಿ ಲೋಟದ ಕಲೆ ಇನ್ನೂ ಹಾಗೇ ಇದೆ.