ಪುಕ್ಕಟೆ ತಪಾಸಣೆ

ಶ್ರೀಶೈಲನಿಗೆ ತನ್ನಂಥ ಜಾಣ ಬೈಲಹೊಂಗಲದಲ್ಲೇ ಇಲ್ಲ ಎಂಬ ಹಮ್ಮು. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗೆ ಮಾಲು ತರಲು ಹುಬ್ಬಳ್ಳಿಗೆ ಹೋದ ಜಾಣ, ಅಲ್ಲಿ ಪರಿಚಯದವಳೊಬ್ಬಳ ಜೊತೆ ಮಲಗಿ ಬಂದ. ಕಾಂಡೋಮ್ ಇರಲಿಲ್ಲ. ಬಸ್ಸು ಧಾರವಾಡ ದಾಟುವಷ್ಟರಲ್ಲಿ ರೋಗದ ಹೆದರಿಕೆ ಎದೆಯಲ್ಲಿ ಕುಳಿತಿತ್ತು. ಹೆಂಡತಿ ಗಂಗಾಳಿಗೆ ಬೆನ್ನುನೋವೆಂದು ಸುಳ್ಳು ಹೇಳಿ ಪಡಸಾಲೆಯಲ್ಲಿ ಮಲಗತೊಡಗಿದ.

ರಕ್ತ ತಪಾಸಣೆ ಮಾಡಿಸೋಣವೆಂದರೆ ಊರಿನ ಯಾವ ಲ್ಯಾಬಿಗೆ ಹೋದರೂ ಒಬ್ಬ ನೆಂಟ ಕುಳಿತಿರುತ್ತಾನೆ. ಅಷ್ಟರಲ್ಲಿ ಮಠದ ಸ್ವಾಮಿಗಳಾದ ಅಜ್ಜಾರ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ ಬಂತು. ಕೊಟ್ಟ ರಕ್ತವನ್ನು ರಕ್ತ ಬ್ಯಾಂಕಿನವರೇ ಪರೀಕ್ಷಿಸುತ್ತಾರೆ, ರೋಗವಿದ್ದರೆ ಫೋನ್ ಮಾಡುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! “ಹೊರಗ ಯಾರ ಜೋಡಿ ಸಂಬಂಧ ಏನರ ಐತೇನ್ರಿ?” ಎಂದು ನರ್ಸ್ ಕೇಳಿದಾಗ ಹಿಂದೆ ಊರ ಮಂದಿ ಸಾಲಾಗಿ ನಿಂತಿದ್ದರು. “ಇಲ್ರಿ,” ಎಂದ. ಅಜ್ಜಾರು ಶಾಲು ಹೊದಿಸಿದರು. ಎರಡು ದಿನವಾದರೂ ಫೋನ್ ಬರಲಿಲ್ಲ. ಪಾರಾದೆ ಅಂದುಕೊಂಡ.

ಮರುದಿನದಿಂದಲೇ ಉಚ್ಚೆ ಹೊಯ್ಯುವಾಗ ಉರಿ. ಉಷ್ಣವಿರಬೇಕೆಂದು ಎಳನೀರು ಕುಡಿದ. ಕೀವು ಕಂಡಾಗ ಮಾತ್ರ ಗುರುತಿನವರಿಲ್ಲದ ಸವದತ್ತಿಯ ಸರ್ಕಾರಿ ದವಾಖಾನೆಗೆ ಓಡಿದ. ಡಾಕ್ಟರು ನೋಡಿ, ಆಪ್ತಸಮಾಲೋಚಕಿ ಪ್ರಜ್ಞಾಳ ಕೋಣೆಗೆ ಕಳಿಸಿದರು.

“ಇದಕ್ಕ ಔಷಧ ಐತಿ, ಆರಾಮ ಆಕ್ಕೈತಿ. ಎಚ್‌ಐವಿದೂ ನೋಡೂಣು,” ಎಂದಳು ಆಕೆ, ಹುಬ್ಬಳ್ಳಿಯ ಸಂಗತಿಯನ್ನು ಅವನಿಂದ ಕೇಳಿ ತಿಳಿದುಕೊಂಡು.

“ಅದು ಆಗೇತ್ರಿ ಮೇಡಂ. ಮೊನ್ನೆ ಕ್ಯಾಂಪಿನ್ಯಾಗ ರಕ್ತ ಕೊಟ್ಟೇನಿ. ಫೋನ್ ಏನೂ ಬಂದಿಲ್ಲ.”

“ಹುಬ್ಬಳ್ಳಿಗಿ ಹೋಗಿದ್ದು ಯಾವಾಗ?”

“ಅದರ ಹಿಂದಿನ ವಾರ.”

ಪ್ರಜ್ಞಾ ಬರೆಯುವುದನ್ನು ನಿಲ್ಲಿಸಿದಳು. “ಅಣ್ಣಾರ, ರೋಗ ಹೊಸಾದಾಗಿ ಹತ್ತಿದ್ರ ಅಷ್ಟ ಲಗೂ ಪರೀಕ್ಷಾದಾಗ ಕಾಣಂಗಿಲ್ಲ. ಆದ್ರ ನಿಮ್ಮ ರಕ್ತ ತಗೊಂಡವರಿಗೆ ಹತ್ತಬಹುದು. ನಿಮಗ ಐತಿ ಅಂತಲ್ಲ. ಆದ್ರೂ ಮೊದಲ ರಕ್ತ ಬ್ಯಾಂಕಿಗೆ ಹೇಳ್ರಿ, ಈಗ.”

ಅವನಿಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ದಿನ ತನ್ನ ಜೀವ, ತನ್ನ ಮರ್ಯಾದೆ ಎಂದೇ ಹೆದರಿದ್ದ. ಫೋನ್ ಹಚ್ಚಿ ಹೆಸರು, ಶಿಬಿರ ಹೇಳಿದ.

ಆ ಕಡೆಯವನು ದಾಖಲೆ ನೋಡಿ ಖುಷಿಯಿಂದ ಹೇಳಿದ: “ನಿಮ್ಮ ರಕ್ತದ್ದು ಪ್ಲೇಟ್‌ಲೆಟ್ ನಿನ್ನೇನ ಹೋತ್ರಿ. ಡೆಂಗ್ಯೂ ಆಗಿದ್ದ ಸಣ್ಣ ಹುಡುಗಿಗೆ ಏರಿಸಿದ್ರು. ಕೊಟ್ಟವರ ಹೊಟ್ಟಿ ತಣ್ಣಗಿರಲಿ ಅಂತ ಅವರವ್ವ ಇಲ್ಲೇ ನಿಂತು ಕೈ ಮುಗದ್ಲು. ಏನ್ ಫೋನ್ ಮಾಡಿದ್ರಿ?”

ಶ್ರೀಶೈಲ ಪ್ರಜ್ಞಾಳ ಮುಖ ನೋಡಿದ. ಆಕೆ ಹೇಳ್ರಿ ಎಂದು ಸನ್ನೆ ಮಾಡಿದಳು.

“ನಾ ಸುಳ್ಳ ಹೇಳಿ ಕೊಟ್ಟೇನ್ರಿ,” ಎಂದ. “ನನ್ನ ರಕ್ತದಾಗ ರೋಗ ಇರಬಹುದು. ಆ ಹುಡುಗಿ ಡಾಕ್ಟರಿಗೆ ಹೇಳ್ರಿ.”