ಹೂಂಗುಟ್ಟುವ ಶಿಷ್ಯೆ

ಕೊಕಂದ್‌ನ ನಮ್ಮ ಹಲ್ವಾ ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಬಂದಾಗ, ಅದನ್ನು ಕಲಿಸಲು ತಾಷ್ಕೆಂಟಿನಿಂದ ಇಸ್ಕಂದರ್ ಎಂಬ ಕನ್ಸಲ್ಟೆಂಟ್ ಬಂದ. ವಯಸ್ಸು ಚಿಕ್ಕದು, ಮಾತು ಸಿಹಿ, ಕೈಗೆ ಮಾತ್ರ ಮಹಾ ಅವಸರ. ಕಲಿಯಬೇಕಾದವಳು ಗೋದಾಮು ನೋಡಿಕೊಳ್ಳುವ ಮುಕರ್ರಮಕ್ಕ. ಇನ್ನು ಮುಂದೆ ಅವಳು ಕಂಪ್ಯೂಟರಿನಲ್ಲಿ ರವಾನೆ ಚೀಟಿ ತೆಗೆಯದಿದ್ದರೆ ಒಂದು ಲಾರಿಯೂ ಗೇಟು ದಾಟುವಂತಿರಲಿಲ್ಲ.

ಅವನು ಏನು ಹೇಳಿದರೂ ಅಕ್ಕ, "ಗೊತ್ತಾಯ್ತು ಮಗಾ, ಚಹಾ ಕುಡಿ" ಅನ್ನುತ್ತಿದ್ದಳು. ಪಕ್ಕದ ಮೇಜಿನ ನಾನೂ ಹೂಂಗುಟ್ಟುತ್ತಿದ್ದೆ. ಅತಿಥಿ ಕಲಿಸಿದ್ದು ತಿಳಿಯಲಿಲ್ಲ ಎಂದರೆ ಅವನ ಮುಖಕ್ಕೆ ಮಸಿ ಬಳಿದಂತೆ. ನಮ್ಮ ಕಡೆ ಅಂಥ ಮರ್ಯಾದೆಗೇಡಿಗಳು ಹುಟ್ಟಿಲ್ಲ. ಅಕ್ಕ ಎಲ್ಲಾದರೂ ತಡವರಿಸಿದರೆ ಅವನು ಮೌಸ್ ಕಿತ್ತುಕೊಂಡು ತಾನೇ ಮುಗಿಸಿಬಿಡುತ್ತಿದ್ದ. ಕಲಿಸುವವನಿಗೂ ಖುಷಿ, ಕಲಿಯುವವಳಿಗೂ ಖುಷಿ, ವಿದ್ಯೆ ಮಾತ್ರ ಇದ್ದಲ್ಲೇ ಇತ್ತು.

ಅವನು ಹೊರಡುವ ದಿನ ಅಕ್ಕ ಊಟದ ಬಟ್ಟೆ ದಸ್ತರ್‌ಖಾನ್ ಹಾಸಿ ರೊಟ್ಟಿ, ಹಲ್ವಾ ಇಟ್ಟಳು. ಉಸ್ತಾದನ ಫಾತಿಹಾ, ಅಂದರೆ ಗುರುವಿನ ಹರಕೆ, ಪಡೆಯದೆ ನಮ್ಮಲ್ಲಿ ಯಾವ ಶಿಷ್ಯನೂ ಸ್ವಂತ ಕಸುಬಿಗೆ ಇಳಿಯುವುದಿಲ್ಲ. ಉಸ್ತಾದ್ ಶಿಷ್ಯೆಯ ಮಗನ ವಯಸ್ಸಿನವನಾದರೂ ಅಷ್ಟೇ.

ಇಸ್ಕಂದರ್ ಹರಸಲು ಅಂಗೈ ಎತ್ತಿದ. "ಮುಕರ್ರಮಕ್ಕ ಎಲ್ಲಾ ಪೂರ್ತಿ ಕಲಿತಿದ್ದಾರೆ..."

"ತಡಿ ಮಗಾ!" ಅಕ್ಕ ಅವನ ಕೈ ಹಿಡಿದುಕೊಂಡಳು. "ಅತಿಥಿ ಮುಂದೆ ಸುಳ್ಳು ಹೇಳ್ಬೋದು, ಫಾತಿಹಾ ಮುಂದೆ ಆಗಲ್ಲ. ನಂಗೇನೂ ತಿಳಿದಿಲ್ಲ."

ಅವನು ನನ್ನತ್ತ ತಿರುಗಿದ. "ನಿಮ್ಗೆ?"

"ನಂಗೆ ಅವ್ಳಷ್ಟೂ ತಿಳಿದಿಲ್ಲ."

ಹುಡುಗನ ಮುಖ ಬಾಡಿಹೋಯಿತು.

"ಮತ್ತೆ ದಿನಾ ಗೊತ್ತಾಯ್ತು ಅಂತಿದ್ರಲ್ಲಕ್ಕಾ!"

"ನೀನು ಅಷ್ಟು ಕಷ್ಟಪಟ್ಟು ಹೇಳ್ತಿದ್ದೆ. ಪಾಪ ಅನ್ನಿಸ್ತು ಕಣೋ."

ಅವನು ನಕ್ಕುಬಿಟ್ಟ. ಫೋನ್ ಮಾಡಿ ಪ್ರಯಾಣ ಮುಂದೂಡಿದ. "ಇವತ್ತಿಂದ ನಾನು ಅತಿಥಿ ಅಲ್ಲ. ತಿಳೀದಿದ್ರೆ ಬೈರಿ" ಎಂದು, ಮೌಸಿನತ್ತ ಕೈ ಹೋಗದಂತೆ ಎರಡೂ ಕೈಯಲ್ಲಿ ಚಹಾ ಬಟ್ಟಲು ಹಿಡಿದು ಅವಳ ಹಿಂದೆ ಕೂತ.

ಬೈಯಲು ಅನುಮತಿ ಸಿಕ್ಕಿದರೆ ಅಕ್ಕ ಬಿಡುತ್ತಾಳೆಯೇ! "ಲೋ ಕತ್ತೆ, ನಿಧಾನವಾಗಿ ಹೇಳೋ!" ಎಂಬ ಕೂಗು ಹಲ್ವಾ ಒಲೆಯವರೆಗೂ ಕೇಳುತ್ತಿತ್ತು. ಕೇಳಿದ್ದನ್ನೇ ನಾಲ್ಕು ಸಲ ಕೇಳಿದಳು. ಅವನೂ ಬೇಸರವಿಲ್ಲದೆ ಹೇಳಿದ.

ಒಂದು ಬೆಳಿಗ್ಗೆ ಆಂದಿಜಾನಿಗೆ ಹೋಗುವ ಲಾರಿ ಗೇಟಿನಲ್ಲಿ ನಿಂತಿತ್ತು. ಚೀಟಿ ಬರಲೊಲ್ಲದು. ಡ್ರೈವರ್ ಹಾರನ್ ಒತ್ತಿಯೇ ಒತ್ತಿದ. ಇಸ್ಕಂದರ್ ಅರ್ಧ ಎದ್ದ.

"ಮುಟ್ಟೀಯ, ಜೋಕೆ!"

ಅವನು ಕೂತ. ಅಕ್ಕ ತುಂಬಿಸಿದ್ದನ್ನೆಲ್ಲ ಅಳಿಸಿ, ತುಟಿ ಕಚ್ಚಿಕೊಂಡು ಮೊದಲಿನಿಂದ ತುಂಬಿಸಿದಳು. ಪ್ರಿಂಟರ್ ಗುಟುರು ಹಾಕಿತು. ಲಾರಿ ಗೇಟು ದಾಟಿತು.

ಅವಳು ತಲೆವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಇನ್ನು ಹೊರಡು ಮಗಾ. ನೀನು ನಮ್ಗೆ ಬೇಕಾಗಿಲ್ಲ."

ಅತಿಥಿಗೆ ಹೊರಡು ಎಂದವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇಸ್ಕಂದರ್ ಹರಸಲು ಮತ್ತೆ ಅಂಗೈ ಎತ್ತಿದ. ಈ ಸಲ ಅಕ್ಕ ಅವನ ಕೈ ಹಿಡಿಯಲಿಲ್ಲ. ಆಮೀನ್ ಎಂದು ನಾವಿಬ್ಬರೂ ಹೇಳಿದೆವು.